ಅಳತೆ ಬ್ಲೌಸ್ ಕೊಡುವುದಿಲ್ಲ

ನಿಶ್ಚಿತಾರ್ಥದ ದಿನ ಗೊತ್ತುಮಾಡಿದ ಮೇಲೆ ತುರುವೇಕೆರೆಯಿಂದ ಬಂದ ಮೊದಲ ಫೋನು ಹುಡುಗನ ತಾಯಿಯದು. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿ ಫೋನನ್ನು ಒಲೆಯ ಕಟ್ಟೆಯ ಮೇಲಿಟ್ಟಿದ್ದರಿಂದ ಮಾತೆಲ್ಲ ನನಗೂ ಕೇಳಿಸಿತು.

"ಸೀರೆ ತಗೊಂಡ್ವಿ ಕಣ್ರೀ. ಹಸಿರು ಮೈ, ನೇರಳೆ ಅಂಚು. ನಿಮ್ ಹುಡ್ಗಿದೊಂದು ಅಳತೆ ಬ್ಲೌಸ್ ಕಳಿಸ್ಕೊಡಿ. ಇಲ್ಲೇ ನಮ್ ಟೈಲರ್ ಹತ್ರ ಆರಿ ವರ್ಕ್ ಹಾಕ್ಸಿ ಹೊಲಿಸ್ತೀನಿ."

"ಅದಕ್ಕೇನಂತೆ, ಕಳಿಸ್ತೀನಿ ಬುಡಿ," ಎಂದಳು ಅಮ್ಮ.

ತಟ್ಟೆ ಇಡುತ್ತಿದ್ದ ನಾನು ಫೋನಿನ ಹತ್ತಿರ ಬಗ್ಗಿ ಹೇಳಿದೆ: "ಬಟ್ಟೆ ಕಳಿಸಿ ಆಂಟಿ. ಬ್ಲೌಸ್ ನಾನೇ ಹೊಲ್ಕೋತೀನಿ."

ಆ ಕಡೆ ಟೀವಿ ಸದ್ದು ಕಡಿಮೆಯಾಯಿತು.

"ನಿಂಗ್ಯಾಕಮ್ಮ ತೊಂದ್ರೆ? ಮದುಮಗಳು ನೀನು."

"ತೊಂದರೆ ಏನಿಲ್ಲ. ನನ್ನ ಬಟ್ಟೆ ನಾನೇ ಹೊಲ್ಕೊಳ್ಳೋದು."

"ಮನೇಲಿ ಹಾಕ್ಕೊಳ್ಳೋಕೆ ಅದೆಲ್ಲ ಸರಿ. ಇದು ನಾಕು ಜನ ನೋಡೋದು. ನೀನು ಅಳತೆ ಕಳ್ಸು, ಸಾಕು."

ಫೋನು ಕಟ್ಟಾಯಿತು. ಅಮ್ಮ ಮುದ್ದೆಯನ್ನು ನನ್ನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಅಳತೆ ಬ್ಲೌಸ್ ಎಂದರೇನು ಎಂದು ಹೆಂಗಸರಿಗೆ ಹೇಳಬೇಕಿಲ್ಲ. ಗಂಡಸರಿಗೆ ಬಹುಶಃ ಹೇಳಬೇಕು. ನಮ್ಮ ಊರುಗಳ ಟೈಲರ್ ಅಂಗಡಿಗಳಲ್ಲಿ ಹೆಂಗಸರ ಮೈಗೆ ಟೇಪು ಹಿಡಿಯುವುದು ಕಡಿಮೆ. ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಹೊಸ ಬಟ್ಟೆಯ ಜೊತೆ ಕವರಿಗೆ ಹಾಕಿ ಕೊಡುತ್ತೇವೆ. ಅವರು ಅದನ್ನು ಮೇಜಿನ ಮೇಲೆ ಹರಡಿಕೊಂಡು ಅದರಂತೆ ಹೊಸದನ್ನು ಕತ್ತರಿಸುತ್ತಾರೆ. ನನಗೆ ಮೊದಲ ಬ್ಲೌಸ್ ಹೊಲಿಸಿದ್ದು ಹೈಸ್ಕೂಲಿನಲ್ಲಿ. ಸರಿಯಾಗಿ ಕೂರುವ ಹಳೆಯದು ನನ್ನ ಹತ್ತಿರ ಎಲ್ಲಿಂದ ಬರಬೇಕು? ಚಿಕ್ಕನಾಯಕನಹಳ್ಳಿಯ ಟೈಲರ್ ಅಂಗಡಿಗೆ ಅಮ್ಮ ತನ್ನದೇ ಒಂದು ಬ್ಲೌಸ್ ಒಯ್ದು, "ಭಾಯ್, ಇದಕ್ಕಿಂತ ಒಂದು ಸುತ್ತು ಕಮ್ಮಿ ಮಾಡಿ ಹೊಲೀರಿ, ಮಗಳಿಗೆ" ಎಂದಳು. ಅವರು ಹಾಗೆಯೇ ಹೊಲಿದರು. ಮುಂದಿನ ಬ್ಲೌಸಿಗೆ ಅದೇ ಅಳತೆಯಾಯಿತು. ಅದರ ಮುಂದಿನದಕ್ಕೆ ಇದು. ನನ್ನ ಚೂಡಿದಾರಗಳ ಭುಜಕ್ಕೂ ಅದೇ ವಂಶ. ಸುತ್ತಳತೆ ಕಡಿಮೆಯಾಗುತ್ತಿತ್ತು, ಹೆಚ್ಚಾಗುತ್ತಿತ್ತು. ಭುಜ ಮಾತ್ರ ಅಮ್ಮನದೇ ಉಳಿಯಿತು. ಅಮ್ಮನದು ಅಗಲವಾದ ಭುಜ.

ಹೀಗಾಗಿ ನನ್ನ ಬಟ್ಟೆ ಯಾವಾಗಲೂ ಎಡಗಡೆಗೆ ಜಾರುತ್ತಿತ್ತು. ಅದನ್ನು ಮೇಲಕ್ಕೆಳೆದುಕೊಳ್ಳುವುದು ನನ್ನ ಅಭ್ಯಾಸವಾಯಿತು. ನನ್ನ ಭುಜವೇ ಇಳಿಜಾರು ಎಂದು ಅಮ್ಮ ಹೇಳುತ್ತಿದ್ದಳು, ನಾನೂ ನಂಬಿದ್ದೆ. ಎಂಎಸ್ಸಿ ಮುಗಿಸಿ ತಿಪಟೂರಿನ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡಲು ಸೇರಿದ ವರ್ಷ, ಒಂದು ದಿನ ಬೋರ್ಡಿನಿಂದ ತಿರುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಎಡ ಭುಜವನ್ನು ಎಳೆದು ಎಳೆದು ಪಕ್ಕದವಳಿಗೆ ತೋರಿಸುತ್ತಿದ್ದಳು. ನನ್ನನ್ನು ನೋಡಿ ಕೈ ಕೆಳಗಿಳಿಸಿದಳು. ನಾನು ಲೆಕ್ಕ ಮುಂದುವರಿಸಿದೆ. ಆ ಸಂಜೆ ಬಸ್ಸಿಳಿದು ಬರುವಾಗ ಒಂದು ಟೇಪು ಕೊಂಡೆ.

ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನನ್ನನ್ನು ನಾನೇ ಅಳೆದುಕೊಂಡೆ. ಒಬ್ಬರೇ ಬೆನ್ನಿನ ಅಗಲ ಅಳೆಯುವುದು ಸುಲಭವಲ್ಲ. ಟೇಪಿನ ತುದಿಯನ್ನು ಒಂದು ಭುಜದ ಮೂಳೆಗೆ ಅಂಟಿಸಿ, ಇನ್ನೊಂದು ಕೈಯಿಂದ ಎಳೆದು, ಓದಲು ಕತ್ತು ತಿರುಗಿಸಿದರೆ ಟೇಪು ಸರಿಯುತ್ತದೆ. ಹಲವು ಸಲ ಮಾಡಿ, ಒಂದೇ ಉತ್ತರ ಮತ್ತೆ ಮತ್ತೆ ಬಂದ ಮೇಲೆ ನಂಬಿದೆ. ನನ್ನ ಭುಜಗಳಲ್ಲಿ ಯಾವ ಇಳಿಜಾರೂ ಇರಲಿಲ್ಲ. ಬ್ಲೌಸಿನ ಭುಜ ನನಗಿಂತ ಒಂದೂವರೆ ಇಂಚು ಅಗಲವಿತ್ತು, ಅಷ್ಟೇ. ಅವತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಸ್ಪಷ್ಟವಿಲ್ಲ. ಇಷ್ಟು ವರ್ಷ ಎಳೆದುಕೊಂಡೇ ಓಡಾಡಿದ್ದೆನಲ್ಲ.

ಅಮ್ಮನ ಮದುವೆಯಲ್ಲಿ ಕೊಟ್ಟಿದ್ದ ಹೊಲಿಗೆ ಯಂತ್ರದ ಮೇಲೆ ಅಕ್ಕಿ ಡಬ್ಬ ಕೂತಿತ್ತು. ಡಬ್ಬ ಇಳಿಸಿದೆ, ಎಣ್ಣೆ ಬಿಟ್ಟೆ, ಬೆಲ್ಟು ಬದಲಿಸಿದೆ. ಅಣ್ಣನ, ಅಂದರೆ ದೊಡ್ಡಮ್ಮನ ಮಗನ, ಮದುವೆಗೆ ನನಗೆಂದು ಹೊಲಿಸಿದ್ದ ಮೆರೂನ್ ಬ್ಲೌಸಿನ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಬ್ಲೌಸೊಂದು ಯಾವ ಯಾವ ಆಕಾರಗಳಿಂದ ಆಗಿರುತ್ತದೆ ಎಂದು ನೋಡಿಕೊಂಡೆ. ಉಳಿದದ್ದನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಮೊದಲ ಎರಡು ಬ್ಲೌಸುಗಳಲ್ಲಿ ಕೈ ಎತ್ತಲು ಆಗುತ್ತಿರಲಿಲ್ಲ. ಮೂರನೆಯದನ್ನು ತೊಟ್ಟು ಕಾಲೇಜಿಗೆ ಹೋದ ದಿನ ಎಡಗೈ ತಾನಾಗಿಯೇ ಭುಜಕ್ಕೆ ಹೋಯಿತು. ಎಳೆಯಲು ಅಲ್ಲಿ ಏನೂ ಇರಲಿಲ್ಲ.

ಯಂತ್ರ ಇರುವುದು ನಮ್ಮ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಮೇಲೆ ಇಲಿ ಓಡಿದರೂ ಹಲಗೆಯ ಸಂದಿನಿಂದ ನಾರಿನ ಧೂಳು ಉದುರುತ್ತದೆ. ತಿಳಿ ಬಣ್ಣದ ಬಟ್ಟೆ ಇದ್ದರೆ ಹಳೆಯ ಸೀರೆಯೊಂದನ್ನು ತಲೆಯ ಮೇಲೆ ಅಡ್ಡ ಕಟ್ಟಿಕೊಂಡು ಕೂರುತ್ತೇನೆ. ಭಾನುವಾರ ಬೆಳಿಗ್ಗೆಯ ಹೊತ್ತು ನನ್ನದು. ಚಾಕಿನ ಗೆರೆಯ ಮೇಲೆ ಹೊಲಿಗೆ ಹೋದರೆ ಸರಿ, ತಪ್ಪಿದರೆ ಬಿಚ್ಚಬೇಕು. ನಡುವೆ ಯಾರೂ ಏನೂ ಹೇಳುವಂತಿಲ್ಲ. ಇದನ್ನು ಹವ್ಯಾಸ ಎಂದು ನಾನು ಕರೆದರೆ ಮನೆಯಲ್ಲಿ ಟೈಂಪಾಸ್ ಎನ್ನುತ್ತಾರೆ. ದೊಡ್ಡಮ್ಮ ಮಾತ್ರ ಅದಕ್ಕಿಂತ ಮುಂದೆ ಹೋದಳು.

"ಎಂಎಸ್ಸಿ ಓದಿ ಟೈಲರಮ್ಮ ಆದ್ಲಲ್ಲಪ್ಪ ನಮ್ ಹುಡ್ಗಿ! ನಂದೂ ಎರಡು ಬ್ಲೌಸ್ ಬಿದ್ದೈತೆ, ಹೊಲ್ಕೊಡೇ."

"ನಾನು ನಂದು ಮಾತ್ರ ಹೊಲ್ಯೋದು ದೊಡ್ಡಮ್ಮ."

"ಓಹೋ! ದೊಡ್ಡಮ್ಮಂಗೆ ಹೊಲುದ್ರೆ ಸೂಜಿ ಸವೆದೋಗ್ತದಾ?"

ಹೊಲಿದುಕೊಡಲಿಲ್ಲ. ಒಬ್ಬರಿಗೆ ಹೊಲಿದರೆ ಬೀದಿಗೆಲ್ಲ ಹೊಲಿಯಬೇಕಾಗುತ್ತದೆ, ಆಮೇಲೆ ಭಾನುವಾರ ನನ್ನದಾಗಿ ಉಳಿಯುವುದಿಲ್ಲ. ಅವಳು ಅದನ್ನು ಮರೆಯಲಿಲ್ಲ. ತುರುವೇಕೆರೆಯ ಫೋನಿನ ಸುದ್ದಿ ಪಕ್ಕದ ಮನೆಯಲ್ಲೇ ಇರುವ ದೊಡ್ಡಮ್ಮನಿಗೆ ಅದೇ ಸಂಜೆ ಮುಟ್ಟಿತು. ಬಂದು ನಡುಮನೆಯಲ್ಲಿ ಕೂತು, ನನ್ನನ್ನು ಬಿಟ್ಟು ಅಮ್ಮನಿಗೆ ಹೇಳಿದಳು:

"ಅಳತೆ ಕೊಡಲ್ಲ ಅಂದ್ರೆ ಅವ್ರು ಏನ್ ತಿಳ್ಕೋತಾರೆ ಗೊತ್ತಾ? ಹುಡ್ಗಿ ಮೈಯಾಗೆ ಏನೋ ಐಬೈತೆ, ಮುಚ್ಚಿಕ್ಕೊಂಡವ್ರೆ ಅಂತ. ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಅಂತಾನೋ, ಇನ್ನೊಂದು ಅಂತಾನೋ. ಸಂಬಂಧ ಮುರಿಯೋಕೆ ಅಷ್ಟು ಸಾಕು."

ಅಮ್ಮನ ಮುಖ ಸಣ್ಣದಾಯಿತು. "ಒಂದು ಹಳೇ ಬ್ಲೌಸ್ ಕಣೇ. ಅದೇನು ನಿನ್ ಆಸ್ತಿನಾ?"

ದೊಡ್ಡಮ್ಮನ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಜನ ಹಾಗೆಯೇ ತಿಳಿಯುತ್ತಾರೆ. ಹುಡುಗನನ್ನು ನಾನು ಒಪ್ಪಿದ್ದೆ. ಅವನೂ ಮೇಷ್ಟ್ರು, ಮಾತು ಕಡಿಮೆ, ನನಗೆ ಹಿಡಿಸಿದ್ದ. ಒಂದು ಬ್ಲೌಸಿಗಾಗಿ ಆ ಸಂಬಂಧ ತಪ್ಪಿದರೆ ನನಗೆ ನೋವಾಗುತ್ತಿತ್ತು. ಆದರೂ ಕೊಡಲು ಮನಸ್ಸು ಒಪ್ಪಲಿಲ್ಲ. ಏಕೆಂದರೆ ಅಂಥದೊಂದು ಬ್ಲೌಸ್ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅಣ್ಣನ ಮದುವೆಗೆ ಮುಂಚೆ ಅತ್ತಿಗೆಯ ಅಳತೆ ಬ್ಲೌಸ್ ದೊಡ್ಡಮ್ಮನ ಮನೆಗೆ ಬಂದಿತ್ತು. ಟೈಲರಿಗೆ ಹೋಗುವ ಮುಂಚೆ ಅದನ್ನು ಚಾಪೆಯ ಮೇಲೆ ಹರಡಿದರು. ಒಬ್ಬಳು ತೋಳಿನೊಳಗೆ ತನ್ನ ಕೈ ತೂರಿಸಿ, "ಕೈ ದಪ್ಪ ಐತೆ ಕಣ್ರೇ" ಎಂದಳು. ಇನ್ನೊಬ್ಬಳು ಎದೆಯ ಕಡೆ ಮುಷ್ಟಿ ಇಟ್ಟು ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಂಕುಳಿನ ಬಳಿ ಬಣ್ಣ ಹೋಗಿದ್ದುದನ್ನೂ ಬಿಡಲಿಲ್ಲ. ಅತ್ತಿಗೆ ಆ ಮನೆಗೆ ಕಾಲಿಡುವ ಮುಂಚೆಯೇ ಎಲ್ಲರ ಕೈ ದಾಟಿ ಹೋಗಿದ್ದಳು.

ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಅವಳೂ ಅವತ್ತು ಆ ಚಾಪೆಯ ಮೇಲೆ ಕೂತಿದ್ದಳು.

ಮರುದಿನ ಹುಡುಗನದೇ ಫೋನು. "ಅಮ್ಮ ಸ್ವಲ್ಪ ಬೇಜಾರು ಮಾಡ್ಕೊಂಡಿದಾರೆ. ಒಂದು ಬ್ಲೌಸ್ ತಾನೇ, ಕಳಿಸ್ಬಿಡಿ ಅತ್ಲಾಗೆ."

"ನಿಮ್ಮ ಸೂಟು ನಮ್ಮಪ್ಪ ಹೊಲಿಸ್ತಿರೋದು. ನಿಮ್ಮ ಹಳೇ ಪ್ಯಾಂಟು ಯಾರಾದ್ರೂ ಕೇಳಿದ್ರಾ?"

"ಇಲ್ಲ. ನಾನೇ ತುಮಕೂರಿಗೆ ಹೋಗಿ ಅಳತೆ ಕೊಟ್ಟೆ."

"ಹಾಗೇ ನಾನೂ ನನ್ನ ಅಳತೆ ತಗೊಂಡಿದೀನಿ."

"ಅಮ್ಮಂಗೆ ಇದನ್ನ ನಾನು ಹೇಳಕ್ಕಾಗಲ್ಲ ಕಣ್ರೀ" ಎಂದ. "ನೀವು ಹೇಳಬೇಡಿ, ನಾನು ಹೇಳ್ತೀನಿ" ಎಂದೆ. ಹೇಳಲು ಫೋನು ಮಾಡಿದರೆ ಅವರು ಎತ್ತಲಿಲ್ಲ.

ಮಾತು ಅಲ್ಲಿಗೇ ನಿಂತಿತು ಎಂದುಕೊಂಡೆ. ಮನೆಯಲ್ಲೂ ಆ ವಿಷಯ ಮತ್ತೆ ಏಳಲಿಲ್ಲ. ಅಮ್ಮ ಇದ್ದಕ್ಕಿದ್ದಂತೆ ನನ್ನ ಜೊತೆ ಒಳ್ಳೆಯವಳಾದದ್ದನ್ನು ನಾನು ಗಮನಿಸಬೇಕಿತ್ತು. ನಿಶ್ಚಿತಾರ್ಥ ಹತ್ತಿರ ಬಂದಾಗ ತುರುವೇಕೆರೆಯ ಕಡೆಯ ನೆಂಟರೊಬ್ಬರು ಒಂದು ರಟ್ಟಿನ ಡಬ್ಬ ತಂದುಕೊಟ್ಟು ಕಾಫಿ ಕುಡಿದು ಹೋದರು. ಒಳಗೆ ಸೀರೆ, ಸೀರೆಯ ಮೇಲೆ ಹೊಲಿದು ಮುಗಿಸಿದ ನೇರಳೆ ಬ್ಲೌಸ್. ತೋಳಿನ ತುಂಬ, ಬೆನ್ನಿನ ತುಂಬ ಚಿನ್ನದ ದಾರದ ಆರಿ ಕಸೂತಿ. ಎಲ್ಲದರ ಕೆಳಗೆ, ನಾಲ್ಕು ಮಡಿಕೆಯಾಗಿ, ಒಂದು ಹಳೆಯ ಮೆರೂನ್ ಬ್ಲೌಸ್.

"ಅಮ್ಮ, ಅಳತೆ ಕಳಿಸಿದ್ಯಾ?"

ಅಮ್ಮ ಕಾಫಿ ಲೋಟಗಳನ್ನು ಎತ್ತುತ್ತಾ ಬೇರೆ ಕಡೆ ನೋಡಿದಳು. "ಕಳಿಸ್ದೆ ಕಣೇ. ಏನ್ಮಾಡ್ಲಿ? ಮದುವೆ ಮುರಿದ್ರೆ ನಿನ್ ಟೇಪು ಬತ್ತದಾ ತಾಳಿ ಕಟ್ಟೋಕೆ? ನೀನ್ ಈಗ ಹೊಲ್ದಿರೋದು ತಗುದ್ರೆ ಗೊತ್ತಾಗ್ತದೆ ಅಂತ ಟ್ರಂಕಲ್ಲಿದ್ದ ಹಳೇದು ಕಳಿಸ್ದೆ. ಅಣ್ಣನ ಮದ್ವೇಲಿ ಹೊಲಿಸಿದ್ವಲ್ಲ, ನಿಂದು."

"ನಂದನ್ನ ನಾನು ಕಲಿಯೋವಾಗ ಬಿಚ್ಚಿ ಹಾಕಿದೀನಿ."

"ಹಂಗಾದ್ರೆ ಇದ್ಯಾರ್ದು?"

ಆ ಮದುವೆಗೆ ಅಪ್ಪ ತಿಪಟೂರಿನಿಂದ ಒಂದೇ ಥಾನಿನ ಮೆರೂನ್ ಬಟ್ಟೆ ತಂದಿದ್ದ, ನನಗೂ ಅಮ್ಮನಿಗೂ. ಅಮ್ಮ ಬ್ಲೌಸನ್ನು ಬಿಡಿಸಿ ಎತ್ತಿ ಹಿಡಿದಳು. ತೋಳು ನೋಡಿದಳು. ತನ್ನ ಎದೆಗೆ ಹಿಡಿದುಕೊಂಡಳು.

"ಅಯ್ಯೋ, ನಂದು!"

ಮೊದಲು ಅವಳಿಗೆ ನಗು ಬಂತು. ಆಮೇಲೆ ನಗು ನಿಂತು, ಬ್ಲೌಸನ್ನು ಮಡಚಿ ಸೆರಗಿನ ಕೆಳಗಿಟ್ಟುಕೊಂಡು ಕೂತಳು.

"ಅವ್ರಮ್ಮ ಬಿಡಿಸಿ ನೋಡಿರ್ತಾರಾ?"

"ನೋಡಿರ್ತಾರೆ."

"ಅವ್ರ ತಂಗಿ, ಅವ್ರ ಮನೇವ್ರು?"

"ಚಾಪೆ ಮೇಲೆ ಹಾಕಿರ್ತಾರೆ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಆ ದಿನ ಬ್ಲೌಸಿನ ಮಾತು ಮತ್ತೆ ಆಡಲಿಲ್ಲ, ಕ್ಷಮಿಸು ಎಂದೂ ಹೇಳಲಿಲ್ಲ. ನಾನೂ ಅದನ್ನು ನಿರೀಕ್ಷಿಸಲಿಲ್ಲ.

ನೇರಳೆ ಬ್ಲೌಸ್ ತೊಟ್ಟು ನೋಡಿದೆ. ಒಳಗೆ ಇನ್ನೊಬ್ಬಳು ಹಿಡಿಯುವಷ್ಟು ಜಾಗ. ಭುಜ ಎರಡೂ ಕಡೆ ಕೆಳಗೆ. ಸುದ್ದಿ ಕೇಳಿ ಬಂದ ದೊಡ್ಡಮ್ಮನಿಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ.

"ಅದಕ್ಯಾಕೆ ಮುಖ ಊದಿಸ್ಕೊಂಡೆ? ಪಕ್ಕದಲ್ಲಿ ಎರಡು ಹೊಲಿಗೆ ಹಾಕಿ ಹಿಡಿಸ್ಕೊ. ಅಷ್ಟೆಲ್ಲ ಕಲ್ತಿದೀಯಲ್ಲ, ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ."

"ಪಕ್ಕ ಹಿಡಿಸಬಹುದು. ಭುಜ ಹಿಡಿಸೋಕಾಗಲ್ಲ. ಭುಜದ ಮೇಲೆ ವರ್ಕ್ ಇದೆ, ಬಿಚ್ಚಿದ್ರೆ ಹರಿಯುತ್ತೆ."

"ಪಿನ್ ಹಾಕ್ಕೋ. ಒಂದು ದಿನ ತಾನೇ."

"ಹಾಕ್ಕೊಳ್ಳಲ್ಲ."

"ಹಾಕ್ಕೊಳ್ಳಲ್ವಂತೆ! ಮತ್ತೆ ಏನ್ ಹಾಕ್ಕೊಂಡು ನಿಲ್ತೀಯೇ ಅವ್ರ ಸೀರೆ ಮೇಲೆ?"

"ನನ್ನ ಬ್ಲೌಸು."

ನಿಜ ಹೇಳಬೇಕೆಂದರೆ, ಪಿನ್ನು ಹಾಕಿಕೊಂಡು ಆ ಒಂದು ದಿನವನ್ನು ಕಳೆಯಬಹುದಿತ್ತು. ಫೋಟೋದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಫೋಟೋದಲ್ಲೂ ನನ್ನ ಎಡಗೈ ಭುಜದ ಹತ್ತಿರವೇ ಇರುತ್ತಿತ್ತು. ತಿಪಟೂರಿಗೆ ಹೋಗಿ, ಸೀರೆಯ ಅಂಚಿಗೆ ಹೊಂದುವ ರೇಷ್ಮೆ ಹತ್ತಿ ಬೆರೆತ ನೇರಳೆ ಬಟ್ಟೆ ತಂದೆ. ಸಾದಾ. ತೋಳು ಮೊಳಕೈವರೆಗೆ, ಕತ್ತಿನ ಸುತ್ತ ಅದೇ ಬಟ್ಟೆಯ ಸಣ್ಣ ಪಟ್ಟಿ, ಬೇರೆ ಅಲಂಕಾರವಿಲ್ಲ. ಹೊಲಿದು ಮುಗಿಸಿ ಹುಕ್ಕು ಹಾಕುತ್ತಾ ಕೂತಿದ್ದಾಗ ಅಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ಕೈಯಲ್ಲಿ ಆರಿ ವರ್ಕಿನ ಬ್ಲೌಸ್ ಇತ್ತು.

"ಸುಮ್ನೆ ಒಂದ್ಸಲ ಹಾಕಿ ನೋಡ್ತೀನಿ. ಆ ಕಡೆ ತಿರುಗು."

ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ, "ನೋಡೀಗ" ಎಂದಳು. ಮೆರೂನ್ ಬ್ಲೌಸ್ ಹೊಲಿಸಿದ ಕಾಲಕ್ಕಿಂತ ಅವಳು ಈಗ ದಪ್ಪ. ತೋಳು ಬಿಗಿದಿತ್ತು, ಕೊನೆಯ ಹುಕ್ಕು ಸೇರುತ್ತಿರಲಿಲ್ಲ. ಭುಜ ಮಾತ್ರ ಗೆರೆ ಎಳೆದ ಹಾಗೆ ಕೂತಿತ್ತು. ಒಳಗೆ ತಿರುಗಿಸಿ ನೋಡಿದರೆ ಪಕ್ಕದ ಹೊಲಿಗೆಯ ಆಚೆಗೆ ಬಟ್ಟೆ ಧಾರಾಳವಾಗಿತ್ತು. ಬಿಚ್ಚಲೆಂದೇ ಹಾಕಿದ ಮೂರು ಸಾಲು ಹೊಲಿಗೆಯೂ ಇತ್ತು. ಒಂದು ಸಾಲು ಬಿಚ್ಚಿಕೊಟ್ಟೆ. ಮತ್ತೆ ತೊಟ್ಟು, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಅವಳು ಇಷ್ಟು ಕೆಲಸವಿರುವ ಬ್ಲೌಸ್ ತೊಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಈ ವಯಸ್ಸಲ್ಲಿ ಆರಿ ವರ್ಕ್ ಹಾಕ್ಕೊಂಡ್ರೆ ನಗ್ತಾರೆ."

"ನಗ್ಲಿ. ನಿನ್ನ ಅಳತೆಗೇ ಹೊಲ್ದಿರೋದು."

"ದುಡ್ಡು ಕೊಟ್ಟು ಹೊಲಿಸವ್ರೆ. ಮೂಲೇಲಿ ಬಿದ್ರೆ ಅವ್ರಿಗೂ ಬೇಜಾರು," ಎಂದಳು. ಅದು ನನಗೆ ಹೇಳಿದ ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ನಿಶ್ಚಿತಾರ್ಥ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಅವರ ಹಸಿರು ಸೀರೆ, ನನ್ನ ಸಾದಾ ಬ್ಲೌಸ್ ತೊಟ್ಟು ಬಂದು ನಿಂತೆ. ಅಮ್ಮ ತನ್ನ ಹಳೆಯ ಮೈಸೂರು ಸಿಲ್ಕಿನ ಮೇಲೆ ಚಿನ್ನದ ತೋಳುಗಳನ್ನು ಹಾಕಿಕೊಂಡು, ಯಾರ ಕಣ್ಣಿಗೂ ಕಣ್ಣು ಕೊಡದೆ, ತಟ್ಟೆಗಳನ್ನು ಜೋಡಿಸುತ್ತಿದ್ದಳು. ಹುಡುಗನ ತಾಯಿ ಕಾರಿನಿಂದಿಳಿದು ಬಂದವರು ಮೊದಲು ನನ್ನನ್ನು ನೋಡಿದರು, ಆಮೇಲೆ ಅಮ್ಮನನ್ನು, ಮತ್ತೆ ನನ್ನನ್ನು.

"ಇದೇನ್ ಬೀಗರೇ? ಸೊಸೆಗೆ ಅಂತ ಹೊಲಿಸಿದ್ದು ನಿಮ್ ಮೈ ಮೇಲೈತೆ?"

ದೊಡ್ಡಮ್ಮ ಎಲೆ ಅಡಿಕೆ ತಟ್ಟೆಯನ್ನು ಹಿಡಿದು, ನೋಡಿದ್ಯಾ ಎನ್ನುವಂತೆ ನನ್ನ ಕಡೆ ತಿರುಗಿದಳು. ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಮ್ಮ ತಟ್ಟೆ ಕೆಳಗಿಟ್ಟು ನೆಟ್ಟಗೆ ನಿಂತಳು.

"ಅಳತೆ ನಂದೇ ಬಂದಿದ್ದು ಕಣ್ರೀ. ಅವ್ಳು ಕೊಡಲ್ಲ ಅಂದ್ಲು. ನಾನು ಕದ್ದು ಕಳಿಸೋಕೆ ಹೋಗಿ ನನ್ನ ಬ್ಲೌಸೇ ಕಳಿಸ್ಬಿಟ್ಟೆ. ನಿಮ್ ಟೈಲರು ಚೆನ್ನಾಗಿ ಹೊಲಿತಾನೆ, ಸುಳ್ಳು ಹೇಳಬಾರ್ದು."

ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ಹುಡುಗ ತಲೆ ತಗ್ಗಿಸಿ ವಾಚು ನೋಡಿಕೊಂಡ. ಅವನ ಭುಜ ಅಲುಗುತ್ತಿತ್ತು. ಅವನ ತಾಯಿ ನಗಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು, ಭುಜ ನೋಡಿದರು, ಹಿಂದೆ ಹೋಗಿ ಬೆನ್ನು ನೋಡಿದರು. ಅವರು ಹುಡುಕುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ನಾನು ಅಲುಗಾಡದೆ ನಿಂತೆ. ಹುಡುಕಲಿ, ಸಿಕ್ಕರೆ ಸಿಗಲಿ. ಆಮೇಲೆ ಅವರು ನನ್ನ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಒಳಗಡೆ ತಿರುಗಿಸಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರ ಕೈ ಗಾಳಿಯಲ್ಲಿ ಉಳಿಯಿತು.

"ಏನ್ ಬೇಕೋ ಕೇಳಿ, ಹೇಳ್ತೀನಿ," ಎಂದೆ.

"ಒಳಗೆ ಬಟ್ಟೆನೇ ಬಿಟ್ಟಿಲ್ಲ ನೀನು!"

"ಅರ್ಧ ಇಂಚು ಇದೆ. ಅಷ್ಟು ಸಾಕು."

"ಎಲ್ಲಿ ಸಾಕು? ಮದುವೆ ಆಗ್ತದೆ, ಮಕ್ಕಳಾಗ್ತವೆ. ದಪ್ಪ ಆಗಲ್ವಾ ನೀನು? ನಾನು ಅದಕ್ಕೇ ನಮ್ ಟೈಲರ್‌ಗೆ ಹೇಳಿ ಇಷ್ಟಗಲ ಬಿಡ್ಸಿದ್ದೆ."

"ಆದ್ರೆ ಬೇರೆ ಹೊಲ್ಕೋತೀನಿ."

ನಾನು ಹೇಳಬೇಕಾದದ್ದು ಅಷ್ಟೇ ಇತ್ತು. ಪುರೋಹಿತರು ಹೊತ್ತು ಮೀರುತ್ತದೆ ಎಂದು ಕೂಗಿದರು. ನನ್ನನ್ನು ಮಣೆಯ ಮೇಲೆ ಕೂರಿಸಲು ಹುಡುಗನ ತಾಯಿಯೇ ನನ್ನ ಮೊಳಕೈ ಹಿಡಿದರು. ಕೂತ ಮೇಲೆ, ಸೀರೆಯ ನೆರಿಗೆ ಸರಿಪಡಿಸುವ ನೆಪದಲ್ಲಿ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಕೇಳಿದರು:

"ಮದುವೆ ಸೀರೆಗೆ ಎಷ್ಟು ಬಟ್ಟೆ ಬೇಕು ನಿಂಗೆ?"

"ಒಂದು ಮೀಟರು."

"ತೋಳು ಉದ್ದ ಇಡಬೇಕು ಮತ್ತೆ. ನಮ್ಮ ಕಡೆ ಗಿಡ್ಡ ತೋಳು ಆಗಲ್ಲ."

"ತೋಳು ನಾನು ನೋಡ್ಕೋತೀನಿ. ನೀವು ಬಟ್ಟೆ ಕಳಿಸಿ."

ಅವರು ನೆಟ್ಟಗಾಗಿ ಹಿಂದೆ ನಿಂತಿದ್ದ ತಂಗಿಗೆ ಹೇಳಿದರು: "ಒಂದು ಮೀಟ್ರು ಬೇಕಂತೆ. ಕತ್ತರಿಸ್ದೆ ಕಳಿಸ್ಬೇಕಂತೆ."

ಕತ್ತರಿಸದೆ ಎಂದು ನಾನು ಹೇಳಿರಲಿಲ್ಲ. ಅದನ್ನು ಅವರೇ ಸೇರಿಸಿಕೊಂಡರು.